ಶಾಲೆಯಲ್ಲಿ ಮನಸ್ಸಿನ ಮಾತು ಆಡಿದರೆ ಮಕ್ಕಳು ಮೆತ್ತಗಾಗುತ್ತಾರಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳು ಬಂದರೆ ಸಾಕು, ವಾಟ್ಸಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಮೇಷ್ಟ್ರ ಕೈಯಿಂದ ಬೆತ್ತ ಹೋಯಿತು, ಅದಕ್ಕೇ ಮಕ್ಕಳು ಮೆತ್ತಗಾದರು. ನಮ್ಮ ಕಾಲದಲ್ಲಿ ಖಿನ್ನತೆ ಗಿನ್ನತೆ ಇರಲಿಲ್ಲ. ಶಾಲೆಗಳಲ್ಲಿ ಕೌನ್ಸೆಲಿಂಗ್ ಅಂತ ಶುರು ಮಾಡಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ. ಕೆಳಗೆ ಹತ್ತಾರು ಹೆಬ್ಬೆರಳು, ಕೈಮುಗಿದ ಗುರುತುಗಳು. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಗುಂಪುಗಳಲ್ಲೂ ಇಂಥವು ಬರುತ್ತವೆ. ಕಳಿಸುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಅದರಲ್ಲಿರುವ ಮಾತುಗಳು ನಿಜವೇ?

ಚುಟುಕಾಗಿ ಹೇಳುವುದಾದರೆ, ಬಹುಪಾಲು ನಿಜವಲ್ಲ. ಶಾಲೆಯಲ್ಲಿ ಮಾನಸಿಕ ಆರೋಗ್ಯದ ನೆರವು ಸಿಕ್ಕರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂಬುದಕ್ಕೆ ಆಧಾರಗಳಿವೆ. ಹಾಗಂತ ಶಾಲೆಯಲ್ಲಿ ಏನು ಮಾಡಿದರೂ ಉಪಯೋಗ ಎಂದೂ ಅಲ್ಲ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ನಮ್ಮ ಕಾಫಿ ಸೀಮೆಯಲ್ಲಿ ಈಗ ಏನು ಸಿಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಎಷ್ಟು ಮಕ್ಕಳ ಪ್ರಶ್ನೆ ಇದು?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಚಿಕಿತ್ಸೆ ಅಥವಾ ನೆರವು ಬೇಕಾಗುವಂಥ ಮಾನಸಿಕ ತೊಂದರೆ ಇದೆ ಎಂದು ಅದರಲ್ಲಿ ಕಂಡುಬಂತು. ಈ ಲೆಕ್ಕವನ್ನು ನಮ್ಮೂರಿನ ಅಳತೆಗೆ ಇಳಿಸಿ ನೋಡಿ. 150 ಮಕ್ಕಳಿರುವ ಒಂದು ಪ್ರೌಢಶಾಲೆ ಎಂದರೆ ಸುಮಾರು 11 ಮಕ್ಕಳು. ಮೂರು ತರಗತಿಗೆ ಹಂಚಿದರೆ ತರಗತಿಗೆ ಮೂರು–ನಾಲ್ಕು ಮಂದಿ.

ಇವರಲ್ಲಿ ಹೆಚ್ಚಿನವರು ಗಲಾಟೆ ಮಾಡುವ ಮಕ್ಕಳಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರು, ಪದೇ ಪದೇ ಹೊಟ್ಟೆನೋವು ಎಂದು ರಜೆ ಹಾಕುವವರು, ಮೊದಲು ಚೆನ್ನಾಗಿ ಓದುತ್ತಿದ್ದು ಈಗ ಪುಸ್ತಕ ತೆರೆಯದವರು ಇದರಲ್ಲಿ ಇರಬಹುದು. ಸೋಮಾರಿ, ಮೊಂಡ, ನಾಟಕ ಮಾಡುತ್ತಾನೆ ಎಂಬ ಹೆಸರು ಇವರಿಗೆ ಬೇಗ ಅಂಟಿಕೊಳ್ಳುತ್ತದೆ.

ಇನ್ನೊಂದು ಸಂಗತಿ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಮಾನಸಿಕ ಕಾಯಿಲೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು 18 ವರ್ಷ ತುಂಬುವ ಮೊದಲೇ ಶುರುವಾಗಿರುತ್ತವೆ. ಅಂದರೆ ಕಾಯಿಲೆ ಮೊಳಕೆಯೊಡೆಯುವ ಕಾಲದಲ್ಲಿ ಮಗು ಇರುವುದು ಶಾಲೆಯಲ್ಲಿ.

ಆಸ್ಪತ್ರೆ ಇರುವಾಗ ಶಾಲೆಯೇ ಯಾಕೆ?

ಬೆಟ್ಟದ ಮೇಲಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್, ಅದೂ ಘಾಟಿಯ ತಿರುವುಗಳಲ್ಲಿ. ತೋಟದ ಲೈನ್ ಮನೆಯಿಂದ ಮೊದಲು ಬಸ್ಸು ಸಿಗುವ ರಸ್ತೆಗೆ ನಡೆಯಬೇಕು. ಜೂನ್, ಜುಲೈ ಮಳೆಯಲ್ಲಿ ರಸ್ತೆಗೆ ಮರ ಬಿದ್ದರೆ ಆ ದಿನದ ಕಥೆ ಮುಗಿಯಿತು. ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲು. ಆಗ ಒಂದು ದಿನ ರಜೆ ಹಾಕಿದರೆ ಕೂಲಿ ಹೋಯಿತು. ಕಣ್ಣಿಗೆ ಕಾಣುವ ಗಾಯವಾದರೆ ಅಪ್ಪ ಅಮ್ಮ ಹೇಗಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ‘ಮಗಳು ಈಚೆಗೆ ಮಾತೇ ಆಡುತ್ತಿಲ್ಲ’ ಎಂಬ ಕಾರಣಕ್ಕೆ ಒಂದು ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋಗುವವರು ಕಡಿಮೆ.

ಇಲ್ಲಿನ ಮಕ್ಕಳ ಮೇಲೆ ಬೀಳುವ ಒತ್ತಡವೂ ಒಂದೇ ತರಹದ್ದಲ್ಲ. ಅಸ್ಸಾಂನಿಂದಲೋ ಉತ್ತರ ಕರ್ನಾಟಕದಿಂದಲೋ ಕೆಲಸಕ್ಕೆ ಬಂದ ಕುಟುಂಬದ ಮಗು ಹೊಸ ಊರು, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಎದುರಿಸಬೇಕು. ಹಾಸ್ಟೆಲಿನಲ್ಲಿರುವ ಮಗುವಿಗೆ ಮನೆ ದೂರ. ಸಾಲ ಮಾಡಿರುವ ಸಣ್ಣ ಬೆಳೆಗಾರರ ಮನೆಯಲ್ಲಿ ಹಣದ ಚಿಂತೆ ಮಕ್ಕಳ ಕಿವಿಗೂ ಬೀಳುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ–ಕಳಸ ಭಾಗದಲ್ಲಿ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರಿದ್ದಾರೆ. ಅಂಥದ್ದನ್ನು ಕಣ್ಣಾರೆ ಕಂಡ ಮಗುವಿಗೆ ಮರುವರ್ಷದ ಜೋರು ಮಳೆ ಬರೀ ಮಳೆಯಾಗಿ ಕೇಳಿಸುವುದಿಲ್ಲ.

ಈ ಎಲ್ಲ ಮಕ್ಕಳೂ ದಿನಾ ಬಂದು ಸೇರುವ ಜಾಗ ಶಾಲೆ. ಪ್ರತಿದಿನ ಅವರ ಮುಖ ನೋಡುವ, ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಗುರುತಿಸಬಲ್ಲ, ಮನೆಯವರಲ್ಲದ ದೊಡ್ಡವರು ಇರುವುದು ಅಲ್ಲಿಯೇ.

ಈಗ ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳನ್ನು ಪರಿಶೀಲಿಸೋಣ.

ಮಾತು 1: ಸಾವಿನ ಯೋಚನೆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ

ತಪ್ಪು. ಈ ಭಯ ಸಹಜವಾದದ್ದೇ. ಹಾಗಾಗಿ ಸಂಶೋಧಕರು ಇದನ್ನೇ ನೇರವಾಗಿ ಪರೀಕ್ಷಿಸಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳಿದ್ದರಿಂದ ಆ ಯೋಚನೆ ಹೆಚ್ಚಾಗಿದ್ದು ಹದಿಹರೆಯದವರಲ್ಲೂ ದೊಡ್ಡವರಲ್ಲೂ ಕಂಡುಬರಲಿಲ್ಲ. ಯೋಚನೆ ಮೊದಲೇ ಇದ್ದ ಮಗುವಿಗೆ, ಸದ್ಯ, ಯಾರೋ ಕೇಳಿದರಲ್ಲ ಎಂಬ ಸಮಾಧಾನ ಸಿಗುತ್ತದೆ. ಇಲ್ಲದ ಮಗು ಇಲ್ಲ ಎನ್ನುತ್ತದೆ.

ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ, 11,110 ಮಕ್ಕಳನ್ನು ಒಳಗೊಂಡು ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಒತ್ತಡ, ಖಿನ್ನತೆ, ಆತ್ಮಹತ್ಯೆಯ ಬಗ್ಗೆ ಮಕ್ಕಳೊಂದಿಗೆ ಬಿಚ್ಚುಮನಸ್ಸಿನಿಂದ ಮಾತಾಡಿ, ಸಣ್ಣ ಸಣ್ಣ ಅಭಿನಯದ ಮೂಲಕ ಚರ್ಚಿಸಿದ ಶಾಲೆಗಳಲ್ಲಿ ಒಂದು ವರ್ಷದ ನಂತರ ಹೊಸದಾಗಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಹೋಲಿಕೆಗೆಂದು ಇಟ್ಟುಕೊಂಡ ಶಾಲೆಗಳಿಗಿಂತ ಸುಮಾರು ಅರ್ಧದಷ್ಟಿತ್ತು.

ಒಂದು ಎಚ್ಚರಿಕೆ ಮಾತ್ರ ಬೇಕು. ಮಗುವನ್ನು ನೇರವಾಗಿ, ಪ್ರೀತಿಯಿಂದ ಕೇಳುವುದು ಬೇರೆ. ಎಲ್ಲೋ ನಡೆದ ಸಾವಿನ ಫೋಟೊ, ವಿಧಾನ, ಕೊನೆಯ ಪತ್ರವನ್ನು ಗುಂಪಿನಲ್ಲಿ ಹಂಚುವುದು ಬೇರೆ. ಎರಡನೆಯದು ನಿಜಕ್ಕೂ ಅಪಾಯಕಾರಿ. ಅಂಥ ಸಂದೇಶ ಬಂದರೆ ನಿಮ್ಮ ಫೋನಿನಲ್ಲೇ ನಿಲ್ಲಿಸಿ.

ಮಾತು 2: ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ

ತಪ್ಪು. ತೊಂದರೆ ಆಗಲೂ ಇತ್ತು, ಹೆಸರು ಬೇರೆ ಇತ್ತು. ಗಾಳಿ ಸೋಕಿದೆ, ದೃಷ್ಟಿಯಾಗಿದೆ, ಮೈಮೇಲೆ ಬಂದಿದೆ ಎಂದು ಹೇಳಿ ತಾಯತ ಕಟ್ಟಿಸಿದ ಎಷ್ಟೋ ಪ್ರಸಂಗಗಳು ನಮ್ಮ ಹಿರಿಯರ ನೆನಪಿನಲ್ಲಿವೆ. ಹಳ್ಳಿಯ ಜನರಿಗೂ ಮಾನಸಿಕ ಚಿಕಿತ್ಸೆ ಬೇಕು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟಿದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಚಿಕಿತ್ಸೆ ದೊರೆಯುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಮಾತು 3: ಎರಡು ಬಾರಿಸಿದರೆ ಎಲ್ಲ ಸರಿಹೋಗುತ್ತದೆ

ತಪ್ಪು, ಕಾನೂನಿಗೂ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಎಲ್ಲರ ಎದುರು ಅಂಕ ಓದಿ ಅವಮಾನಿಸುವುದೂ ಹಿಂಸೆಯೇ. ಹೊಡೆತದಿಂದ ಮಗು ಸುಮ್ಮನಾಗಬಹುದು. ಸುಮ್ಮನಾಗಿದ್ದನ್ನು ಸರಿಯಾಯಿತು ಎಂದುಕೊಂಡರೆ ನಾವು ಮೋಸ ಹೋದಂತೆ. ಖಿನ್ನತೆಯಲ್ಲಿರುವ ಮಗುವೂ ಸುಮ್ಮನೇ ಇರುತ್ತದೆ.

ಮಾತು 4: ಬೇರೆಯವರು ಯಾಕೆ, ಮೇಷ್ಟ್ರೇ ಎಲ್ಲ ನೋಡಿಕೊಳ್ಳಲಿ

ಅರ್ಧ ಸತ್ಯ. ಇಲ್ಲಿ ನಮ್ಮ ದೇಶದ್ದೇ ಎರಡು ಅಧ್ಯಯನಗಳಿವೆ.

ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣದಲ್ಲಿ ಶಿಕ್ಷಕರೇ ಆಟ, ಚರ್ಚೆಗಳ ಮೂಲಕ ಪಾಠ ನಡೆಸುತ್ತಾರೆ. ಅದರ ಮೌಲ್ಯಮಾಪನ 2010ರಲ್ಲಿ ಪ್ರಕಟವಾಯಿತು. ಒಂದು ವರ್ಷ ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದರು. ಪಾಠ ಪಡೆದವರಲ್ಲಿ ತಮ್ಮ ಬಗ್ಗೆ ಗೌರವ, ಕಷ್ಟ ನಿಭಾಯಿಸಬಲ್ಲೆ ಎಂಬ ಭಾವನೆ, ಶಿಕ್ಷಕರೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರೊಬ್ಬರು ನಡೆಸಿದರು. ಇನ್ನು ಕೆಲವು ಶಾಲೆಗಳಲ್ಲಿ ಇದಕ್ಕೆಂದೇ ತರಬೇತಿ ಪಡೆದ ಸಲಹೆಗಾರರೊಬ್ಬರು ನಡೆಸಿದರು. ಇವರು ವೈದ್ಯರೂ ಅಲ್ಲ, ಮನಶ್ಶಾಸ್ತ್ರದ ಪರಿಣತರೂ ಅಲ್ಲ. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳಲ್ಲಿ ಖಿನ್ನತೆಯ ಲಕ್ಷಣ, ಹೊಡೆದಾಟ, ಬೆದರಿಸುವಿಕೆ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ.

ಇದರ ಅರ್ಥ ಶಿಕ್ಷಕರು ಕೆಟ್ಟವರು ಎಂದಲ್ಲ. ಪಾಠ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸದ ನಡುವೆ ಇದನ್ನೂ ಅವರ ಹೆಗಲಿಗೆ ಏರಿಸಿದರೆ ನಡೆಯುವುದಿಲ್ಲ ಎಂದು. ಗಮನಿಸುವುದು, ಕೇಳಿಸಿಕೊಳ್ಳುವುದು, ಸರಿಯಾದ ಕಡೆ ತಲುಪಿಸುವುದು ಶಿಕ್ಷಕರಿಂದ ಆಗುವ ಕೆಲಸ. ವಾರಗಟ್ಟಲೆ ಮಗುವಿನೊಂದಿಗೆ ಕೂತು ಸಮಸ್ಯೆ ಬಿಡಿಸಲು ಬೇರೊಬ್ಬರು ಬೇಕು.

ಮಾತು 5: ದಿನಾ ಧ್ಯಾನ ಮಾಡಿಸಿದರೆ ಸಾಕು

ಸಾಲದು. ಇಂಗ್ಲೆಂಡ್ ಸೇರಿದಂತೆ ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳಲ್ಲಿ 8,000ಕ್ಕೂ ಮಿಕ್ಕಿದ ಮಕ್ಕಳೊಂದಿಗೆ ನಡೆದ ದೊಡ್ಡ ಪ್ರಯೋಗದಲ್ಲಿ, ಒಂದು ಗುಂಪಿನ ಶಾಲೆಗಳ ಮಕ್ಕಳಿಗೆ ಧ್ಯಾನ ಮಾದರಿಯ ಪಾಠ ಕಲಿಸಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ಶಾಲೆಯ ಮಾಮೂಲಿ ಪಾಠಗಳಿಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಆಗಲಿಲ್ಲ. ಮಗುವಿಗೆ ಇಷ್ಟವಿದ್ದರೆ ಧ್ಯಾನ, ಯೋಗ ಮಾಡಲಿ. ಆದರೆ ಊಟ ಬಿಟ್ಟು, ನಿದ್ದೆ ಬಿಟ್ಟು ಕೊರಗುತ್ತಿರುವ ಮಗುವಿಗೆ ಕಣ್ಣುಮುಚ್ಚಿ ಕೂರು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಬೆಟ್ಟದ ಮೇಲೆ ಈಗ ಏನು ಸಿಗುತ್ತದೆ?

ಹೆಚ್ಚಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪೂರ್ಣಾವಧಿ ಆಪ್ತ ಸಮಾಲೋಚಕರಿಲ್ಲ. ಆದರೂ ಏನೂ ಇಲ್ಲ ಎಂದುಕೊಳ್ಳಬೇಡಿ. ಇವುಗಳನ್ನು ತಿಳಿದಿರಿ:

– ಟೆಲಿ ಮನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಸಿಗುತ್ತದೆ. ಕನ್ನಡದಲ್ಲಿ ಮಾತಾಡಬಹುದು. ಬೇರೆ ಭಾರತೀಯ ಭಾಷೆಗಳೂ ಇರುವುದರಿಂದ ಹೊರರಾಜ್ಯದ ಕುಟುಂಬದವರಿಗೂ ಉಪಯೋಗ. ಮಾಮೂಲಿ ಫೋನ್ ಕರೆ ಸಾಕು, ಇಂಟರ್ನೆಟ್ ಬೇಡ. ಮಗು, ಪಾಲಕರು, ಶಿಕ್ಷಕರು ಯಾರು ಬೇಕಾದರೂ ಕರೆ ಮಾಡಬಹುದು.

– ಮಕ್ಕಳ ಸಹಾಯವಾಣಿ, 1098. ಮಗುವಿಗೆ ಹಿಂಸೆ, ದುಡಿಮೆ, ಬಾಲ್ಯವಿವಾಹದಂಥ ಅಪಾಯವಿದ್ದರೆ ಈ ಸಂಖ್ಯೆ.

– ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಮನೋವೈದ್ಯರನ್ನು ಒಳಗೊಂಡ ಇದರ ತಂಡ ಜಿಲ್ಲೆಯ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಶಾಲೆಯವರು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಪತ್ರ ಬರೆದು ತಂಡವನ್ನು ಶಾಲೆಗೆ ಕರೆಸುವಂತೆ ಕೋರಬಹುದು.

– ಮನೋಚೈತನ್ಯ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ರಾಜ್ಯ ಸರ್ಕಾರದ ಯೋಜನೆ, 2014ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರ ಬಳಿಯೋ ಕೇಳಿಕೊಂಡೇ ಹೊರಡಿ.

– ಸ್ನೇಹ ಕ್ಲಿನಿಕ್. ಹದಿಹರೆಯದವರ ಆರೋಗ್ಯಕ್ಕೆಂದು ಸರ್ಕಾರಿ ಆಸ್ಪತ್ರೆಗಳಲ್ಲಿರುವ ವಿಭಾಗ. ದೇಹದ ಬದಲಾವಣೆ, ಮುಟ್ಟು, ಮನಸ್ಸು ಎಲ್ಲದರ ಬಗ್ಗೆಯೂ ಕೇಳಬಹುದು.

– ಯುವ ಸ್ಪಂದನ. ರಾಜ್ಯದ ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಯುವಜನರ ಮಾರ್ಗದರ್ಶನ ಕೇಂದ್ರ. ಕಾಲೇಜು ಸೇರಿದವರಿಗೆ, ಓದು ಬಿಟ್ಟವರಿಗೂ ಅನುಕೂಲ.

ಇದಲ್ಲದೆ 2020ರಲ್ಲಿ ಶುರುವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಬೇಕು. ಅವರು ಕಲಿಸಬೇಕಾದ 11 ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ನಿಮ್ಮ ಮಗುವಿನ ಶಾಲೆಯಲ್ಲಿ ಆ ಇಬ್ಬರು ಯಾರು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

ಸುಪ್ರೀಂ ಕೋರ್ಟ್ ಏನು ಹೇಳಿದೆ?

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಸಲಹೆಗಾರರಾದರೂ ಇರಬೇಕು. ಅದಕ್ಕಿಂತ ಸಣ್ಣ ಶಾಲೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತವಾಗಿ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಸಹಾಯವಾಣಿ ಸಂಖ್ಯೆಗಳನ್ನು ಎದ್ದು ಕಾಣುವಂತೆ ಹಾಕಬೇಕು.

ಮಲೆನಾಡಿನಲ್ಲಿ ಎಷ್ಟೋ ಶಾಲೆಗಳು ಸಣ್ಣವು. ನಮ್ಮದು ಚಿಕ್ಕ ಶಾಲೆ, ನಮಗೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ, ಮೇಲಿನ ಎರಡನೇ ಅಂಶ ನೆನಪಿಸಿ. ಗೋಡೆ ಮೇಲೆ 14416 ಬರೆಸಲು ಬೇಕಾಗುವುದು ಒಂದು ಡಬ್ಬಿ ಬಣ್ಣ ಅಷ್ಟೇ.

ಹೇಳಿಕೊಂಡರೆ ಊರಿಗೆಲ್ಲ ಗೊತ್ತಾಗುತ್ತದಲ್ಲ?

ಸಣ್ಣ ಊರಿನಲ್ಲಿ ಇದೇ ದೊಡ್ಡ ಭಯ. ಹೆಣ್ಣುಮಕ್ಕಳ ಮನೆಯವರಿಗೆ ಮುಂದೆ ಮದುವೆಗೆ ತೊಂದರೆಯಾದೀತು ಎಂಬ ಚಿಂತೆ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎನ್ನುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಾಗಲೀ ಟಿಸಿಯಲ್ಲಾಗಲೀ ಇದು ಬರುವುದಿಲ್ಲ.

ಶಿಕ್ಷಕರು ಮಗುವಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ನೀನು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ಕೆಟ್ಟದ್ದು ಮಾಡುತ್ತಿದ್ದರೆ, ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಹೇಳಲೇಬೇಕಾಗುತ್ತೆ.’ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಮುಚ್ಚಿಡುತ್ತೇನೆ ಎಂದು ಮಾತು ಕೊಡಬಾರದು.

ಒಂದು ಉದಾಹರಣೆ

ಹೀಗೆ ಊಹಿಸಿಕೊಳ್ಳಿ. ಒಂಬತ್ತನೇ ತರಗತಿ ಹುಡುಗಿ, ಲೈನ್ ಮನೆಯಿಂದ ಬರುತ್ತಾಳೆ. ಎರಡು ತಿಂಗಳಿಂದ ಸೋಮವಾರ ಬಂದರೆ ಹೊಟ್ಟೆನೋವು. ಬಿಸಿಯೂಟ ಹಾಗೇ ಬಿಡುತ್ತಾಳೆ. ಜೊತೆಗಾರ್ತಿಯರನ್ನು ಬಿಟ್ಟು ಒಬ್ಬಳೇ ಕೂರುತ್ತಾಳೆ. ಆಸ್ಪತ್ರೆಯಲ್ಲಿ ತೋರಿಸಿದರೆ ಹೊಟ್ಟೆಯಲ್ಲಿ ಏನೂ ಇಲ್ಲ.

ಟೀಚರ್ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುವುದಿಲ್ಲ. ಊಟದ ಹೊತ್ತಿಗೆ ಪಕ್ಕ ಕೂತು, ‘ಏನಮ್ಮಾ, ಈಚೆಗೆ ಊಟ ಸೇರ್ತಿಲ್ವಾ? ಏನೋ ಕಷ್ಟ ಆಗ್ತಿದೆ ಅನ್ಸುತ್ತೆ’ ಎನ್ನುತ್ತಾರೆ. ಮೊದಲ ದಿನ ಉತ್ತರ ಬರುವುದಿಲ್ಲ. ನಾಲ್ಕನೇ ದಿನ ಅಳು ಬರುತ್ತದೆ. ಟೀಚರ್ ಬುದ್ಧಿ ಹೇಳಲು ಹೋಗದೆ ಕೇಳಿಸಿಕೊಳ್ಳುತ್ತಾರೆ. ‘ಬದುಕೋದೇ ಬೇಡ ಅನ್ಸಿದೆಯಾ?’ ಎಂದು ಮೆಲ್ಲಗೆ ಕೇಳುತ್ತಾರೆ. ಹೌದು ಎಂದರೆ ಆ ಹೊತ್ತಿನಿಂದ ಮಗುವನ್ನು ಒಂಟಿಯಾಗಿ ಬಿಡುವುದಿಲ್ಲ. ಅಲ್ಲೇ 14416ಕ್ಕೆ ಕರೆ, ತಾಯಿಗೆ ಬರಹೇಳುವುದು, ಅಂದೇ ಆಸ್ಪತ್ರೆಗೆ. ಇಲ್ಲ ಎಂದರೂ ಅಲ್ಲಿಗೆ ಬಿಡುವುದಿಲ್ಲ. ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುವ ಏರ್ಪಾಟು.

ತಾಯಿ ಬಂದಾಗ, ‘ನೋಡಮ್ಮಾ, ಇದು ಹುಚ್ಚಲ್ಲ, ನಿಮ್ಮ ತಪ್ಪೂ ಅಲ್ಲ. ಜ್ವರ ಬಂದರೆ ತೋರಿಸ್ತೀವಲ್ಲ, ಹಾಗೇ ಇದೂ’ ಎಂದರೆ ಅರ್ಧ ಭಾರ ಇಳಿಯುತ್ತದೆ. ಇಷ್ಟರಲ್ಲಿ ಟೀಚರ್ ಡಾಕ್ಟರಾಗಬೇಕಾಗಿ ಬಂದಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಮಾತು, ಆಟ, ಓದಿನಲ್ಲಿ ಬದಲಾವಣೆ ಕಂಡರೆ ಗಮನ ಕೊಡಿ. ಸಾಯುವ ಮಾತು, ನಾನಿಲ್ಲದಿದ್ದರೆ ನಿಮಗೆ ಆರಾಮ ಎಂಬ ಮಾತು, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಟ್ಟುಬಿಡುವುದು ಕಂಡರೆ ಎರಡು ವಾರ ಕಾಯಬೇಡಿ, ಅಂದೇ ಕರೆ ಮಾಡಿ.

ತೋಟಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳು ಬೀಗದೊಳಗೆ ಇರಲಿ, ಬೀಗದ ಕೈ ದೊಡ್ಡವರ ಬಳಿ ಇರಲಿ. ಇದು ಸಣ್ಣ ವಿಷಯವಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ನಿಷೇಧಿಸಿದ ಮೇಲೆ 1995ರಿಂದ 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಆ ಒಂದು ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ.

ಫಲಿತಾಂಶದ ದಿನ ಮಗುವಿನ ಜೊತೆ ಇರಿ. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಇದೆ. ‘ಇನ್ನೊಂದ್ಸಲ ಬರೆದರಾಯ್ತು ಬಿಡೋ, ಮೊದಲು ಊಟ ಮಾಡು’ ಎಂಬ ಮಾತು ಆ ದಿನ ಅಪ್ಪನ ಬಾಯಿಂದ ಬಂದರೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ಕೊನೆಗೆ

ಬೆತ್ತದ ಫಾರ್ವರ್ಡ್ ನಿಮ್ಮ ಗುಂಪಿಗೆ ಮತ್ತೆ ಬಂದಾಗ ಜಗಳ ಬೇಡ. ಅದರ ಕೆಳಗೆ ಒಂದು ಸಾಲು ಹಾಕಿ: ‘ಮನಸ್ಸಿಗೆ ಕಷ್ಟವಾದಾಗ ಕನ್ನಡದಲ್ಲೇ ಮಾತಾಡಬಹುದು, 14416, ಉಚಿತ, ದಿನದ 24 ಗಂಟೆ.’ ಅದೇ ಗುಂಪಿನಲ್ಲಿರುವ ಯಾರದೋ ಮನೆಯ ಮಗುವಿಗೆ ಇವತ್ತು ಅದು ಬೇಕಾಗಿರಬಹುದು.